ಆರಿದ ಪರದೆಯ ದನಿ

ಕಂಪ್ಯೂಟರ್ ಮೂಕವಾಗಿದೆ ಎಂದು ಖಾತ್ರಿಯಾದ ದಿನ ತಮ್ಮನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಕ್ಕನಿಗೆ ಕಣ್ಣು ಕಾಣದು. ಅಚ್ಚಿಗೆ ಹೋಗುವ ಪುಸ್ತಕಗಳನ್ನು ಕಂಪ್ಯೂಟರ್ ಗಟ್ಟಿಯಾಗಿ ಓದುತ್ತದೆ, ಅವಳು ಕಿವಿಯಲ್ಲೇ ತಪ್ಪು ಹಿಡಿಯುತ್ತಾಳೆ. ಅವಳ ಕೆಲಸವೂ ಅದೇ, ಲೋಕವೂ ಅದೇ. ಕಣ್ಣು ತಿಂದ ಕಾಯಿಲೆ ಒಂದಲ್ಲ ಒಂದು ದಿನ ಕಿವಿಗೂ ಬಾಯಿ ಹಾಕುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ "ಏನೂ ಕೇಳಿಸ್ತಿಲ್ಲ ಕಣೋ" ಎಂದು ಅವಳು ಕರೆದಾಗ ಇವನ ಎದೆ ಧಸಕ್ಕೆಂದಿತ್ತು. ಓಡಿ ಬಂದು ಕಿವಿಗೊಟ್ಟರೆ ತನಗೂ ಕೇಳಿಸಲಿಲ್ಲ. ಸದ್ಯ, ಕೆಟ್ಟಿದ್ದು ಯಂತ್ರ! ಹೋದ ಜೀವ ಬಂದಂತಾಯಿತು.

ಹೊಸ ಕರ್ನಲ್ ಹಾಕಿದವನು ಅವನೇ. ಕರ್ನಲ್ ಅಂದರೆ ಕಂಪ್ಯೂಟರಿನ ಯಜಮಾನ. ಒಂದೊಂದು ಭಾಗವನ್ನೂ ಅದರದರ ಡ್ರೈವರ್ ಎಂಬ ಪ್ರೋಗ್ರಾಂ ಮೂಲಕ ಆಳುತ್ತದೆ. ಈ ಯಂತ್ರದಲ್ಲಿ ಚಿತ್ರ ಕೊಡುವ ಗ್ರಾಫಿಕ್ಸ್ ಕಾರ್ಡೇ ದನಿಯನ್ನೂ ಪರದೆಯ ಬೆನ್ನಿನ ಸ್ಪೀಕರಿಗೆ ಕಳಿಸಬೇಕು. ಕರ್ನಲ್ ಬರೆದಿಡುವ ದಿನಚರಿ, ಲಾಗ್, ತೆರೆದರೆ ಒಂದು ದೋಷವೂ ಇಲ್ಲ. ಎಲ್ಲ ಸರಿಯಿದೆ ಎಂದು ಕರ್ನಲ್ ಎದೆ ತಟ್ಟಿಕೊಳ್ಳುತ್ತಿತ್ತು, ಮಹಾ ಸುಳ್ಳ. ರೀಸ್ಟಾರ್ಟ್ ಮಾಡಿದರೆ ಮಾತಾಡುತ್ತದೆ. ಅಕ್ಕ ಸ್ನಾನ ಮುಗಿಸಿ ಬಂದು ಕೂತರೆ ಬಾಯಿಗೆ ಬೀಗ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ," ಅಕ್ಕ ನಕ್ಕಳು. "ನನ್ನ ಕಿವಿ ಹೋದ್ರೆ ಪಾಪ, ಅದನ್ಯಾಕೋ ಬೈತೀಯ?"

"ಕಿವಿಗೇನೂ ಆಗಿಲ್ಲ. ಡ್ರೈವರ್ ಕೆಟ್ಟಿರೋದು!" ಎಂದು ಕೂಗಿದ. ಈಚೆಗೆ ಮನೆಯಲ್ಲಿ ತಾನು ಕೂಗಿಯೇ ಮಾತಾಡುತ್ತಿದ್ದೇನೆ ಎಂಬುದನ್ನು ಅವನು ಗಮನಿಸಿರಲಿಲ್ಲ.

ರಜೆಯ ದಿನ ಬೆಳಿಗ್ಗೆ ಅವಳ ಕೈಯನ್ನೇ ನೋಡುತ್ತ ಕೂತ. ಕೂತವಳ ಬೆರಳು ಮೊದಲು ಕೀಬೋರ್ಡಿನ ಒಂದು ಕೀಲಿ ಒತ್ತಿತು. ಪರದೆ ಕಪ್ಪಾಯಿತು.

"ಅದ್ಯಾಕೆ ಆರಿಸ್ದೆ?"

"ಕುರುಡಿಗ್ಯಾಕೋ ಕನ್ನಡಿ? ಸುಮ್ನೆ ಕರೆಂಟು ದಂಡ."

ಅವಳು ಮೊದಲಿಂದಲೂ ಆರಿಸುತ್ತಿದ್ದಳು. ಹಳೆಯ ಕರ್ನಲ್‌ನಲ್ಲಿ ಚಿತ್ರವಷ್ಟೇ ಹೋಗುತ್ತಿತ್ತು. ಹೊಸದು ವಿದ್ಯುತ್ ಉಳಿಸಲು ಕಾರ್ಡಿನ ದನಿಯನ್ನೂ ಮಲಗಿಸಿಬಿಡುತ್ತಿತ್ತು, ಆಮೇಲೆ ಎಬ್ಬಿಸುತ್ತಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದ! ಡ್ರೈವರಿನ ಒಂದು ಸಾಲು ತಿದ್ದಿ, ರೀಸ್ಟಾರ್ಟ್ ಮಾಡಿ, ಅಕ್ಕನನ್ನು ಕೂರಿಸಿದ. ಅವಳು ಪರದೆ ಆರಿಸಿದಳು. ಕಪ್ಪು ಪರದೆಯಿಂದ ದನಿ ಹೊರಟಿತು, ಕಿವಿ ಗಡಚಿಕ್ಕುವಷ್ಟು. ದನಿಯ ಗುಂಡಿ ತುದಿ ಮುಟ್ಟಿತ್ತು. ಅವನಂತೂ ಅದನ್ನು ತಿರುಗಿಸಿರಲಿಲ್ಲ.

"ಸ್ವಲ್ಪ ಮೆಲ್ಲಗಿಡ್ರೀ!" ಪಕ್ಕದ ಮನೆಯ ಕಿಟಕಿಯಿಂದ ಯಾರೋ ಗದರಿದರು.

ಅಕ್ಕ ಕೀಲಿಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು. "ಇನ್ನೂ ಆಗ್ಲಿಲ್ವೇನೋ?"

ಕೆಟ್ಟಿರುವುದು ಯಂತ್ರವೇ ಆಗಿರಲಿ ಎಂದು ಇಷ್ಟು ದಿನ ಅವನು ಹಾರೈಸಿದ್ದ. ಅದನ್ನು ಸರಿಮಾಡಿ ತಾನೇ ಕೆಟ್ಟೆ ಅನ್ನಿಸಿತು.

"ಇಲ್ಲಕ್ಕಾ," ಅವಳ ಕಿವಿಯ ಹತ್ತಿರ ಬಾಗಿ ಕೂಗಿದ. "ಡ್ರೈವರ್ ಇನ್ನೂ ಸರಿಯಾಗಿಲ್ಲ."

"ಹೋಗ್ಲಿ ಬಿಡು, ತಲೆ ಕೆಡಿಸ್ಕೋಬೇಡ," ಎನ್ನುತ್ತ ಅವಳು ಕೈ ಚಾಚಿ, ಜ್ವರ ನೋಡುವವಳ ಹಾಗೆ ಪರದೆಯ ಬೆನ್ನಿಗೆ ಅಂಗೈ ಒತ್ತಿದಳು. ಕೈ ಅಲ್ಲೇ ನಿಂತಿತು.

"ನಡುಗ್ತಿದೆ ಕಣೋ."

ಕಂಪ್ಯೂಟರ್ ಓದುತ್ತಲೇ ಇತ್ತು.

"ಹಾಗಾದ್ರೆ ಈ ದನಿನೂ ಆರಿಸ್ಬಿಡು," ಎಂದಳು ಅಕ್ಕ. "ಸುಮ್ನೆ ಕರೆಂಟು ದಂಡ."