ಹಿಲ್ಡಾ ಕೊಲ್ಲದ ಮನುಷ್ಯ

“ಸತ್ತವರೆಲ್ಲ ಸಾಲಾಗಿ ನಿಲ್ರಪ್ಪಾ! ಪುಸ್ತಕದ ಕ್ರಮದಲ್ಲೇ ನಿಲ್ಬೇಕು!”

ಕಟುಕ ಪರ್ಸಿ ಚರ್ಚಿನ ಅಂಗಳದಲ್ಲಿ ಕೂಗುತ್ತಿದ್ದ. ಹಿಲ್ಡಾಳನ್ನು ಮಣ್ಣು ಮಾಡಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಮೂವತ್ತೊಂದು ಕೊಲೆ ಕಾದಂಬರಿ ಬರೆದ ಹೆಂಗಸು; ಆ ಯಾರ್ಕ್‌ಷೈರ್ ಊರಿನಲ್ಲಿ ಅವಳ ಕೈಯಲ್ಲಿ ಸಾಯುವುದೆಂದರೆ ದೊಡ್ಡ ಮರ್ಯಾದೆ. ಊರಿನವರನ್ನೇ ಒಬ್ಬೊಬ್ಬರಾಗಿ ಕತೆಯಲ್ಲಿ ಹೆಣವಾಗಿಸುತ್ತಿದ್ದಳು; ಹೆಸರು ಬದಲಾಯಿಸುತ್ತಿದ್ದಳು, ಮೂಗು ಮಾತ್ರ ಇದ್ದ ಹಾಗೇ ಇಡುತ್ತಿದ್ದಳು. ಈಗ ಆ ಹೆಣಗಳೆಲ್ಲ ಸೇರಿ ಒಂದು ಫೋಟೋ ತೆಗೆಸಿಕೊಳ್ಳಬೇಕಂತೆ.

“ನಾನು ಆರನೇದು. ನನ್ನ ಚೂರೀಲೇ ನನ್ನ ಮುಗಿಸಿದ್ಲು ಪುಣ್ಯಾತ್ಗಿತ್ತಿ,” ಎಂದು ಪರ್ಸಿ ಕಣ್ಣೊರೆಸಿಕೊಂಡ.

“ನಿಂದೇನು ಮಹಾ! ಎಂಟನೇದ್ರಲ್ಲಿ ನಂಗೆ ವಿಷ. ಪೂರ್ತಿ ನಲವತ್ತು ಪುಟ ನರಳಿದೀನಿ,” ಎಂದಳು ಲೈಬ್ರರಿಯ ಏಡ್ನಾ.

ಹಿಲ್ಡಾಳ ಗಂಡ ವಿಲ್ಫ್ರೆಡ್ ಗೋಡೆಗೊರಗಿ ನಿಂತಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿದವನು. ಅವನನ್ನು ಯಾರೂ ಸಾಲಿಗೆ ಕರೆಯಲಿಲ್ಲ. ಅವಳು ಅವನನ್ನು ಒಂದು ಪುಸ್ತಕದಲ್ಲೂ ಕೊಂದಿರಲಿಲ್ಲ.

*

ಒಮ್ಮೆ ಪಾತ್ರೆ ಒರೆಸುತ್ತಾ ಕೇಳಿಯೂ ಇದ್ದ. “ಪೋಸ್ಟಿನವನ್ನೂ ಬಿಡ್ಲಿಲ್ಲ ನೀನು. ನಾನೇನು ಪಾಪ ಮಾಡಿದ್ದೆ ಹಿಲ್ಡಾ?”

“ನಿನ್ನನ್ಯಾರು ಕೊಲ್ತಾರೋ ಮಾರಾಯ!” ಎಂದು ನಕ್ಕು ಅವಳು ಬರೆಯಲು ಮಹಡಿ ಹತ್ತಿದ್ದಳು.

ಕೊಲ್ಲಲಿಕ್ಕೂ ಲಾಯಕ್ಕಿಲ್ಲದಷ್ಟು ಸಪ್ಪೆ ಮನುಷ್ಯ ತಾನು ಎಂದು ಅವನಿಗೆ ಅವತ್ತು ಅನ್ನಿಸಿದ್ದು ಆಮೇಲೆ ಹೋಗಲೇ ಇಲ್ಲ. ಊರಿನವರು ಬೇರೆ ಆಡಿಕೊಳ್ಳುತ್ತಿದ್ದರು.

*

ಲಂಡನ್ನಿನಿಂದ ಬಂದಿದ್ದ ಮಿಸ್ ಫೆನ್ವಿಕ್ ಅವನಿಗೆ ಚಹಾ ತಂದುಕೊಟ್ಟಳು. ಹಿಲ್ಡಾಳ ಪುಸ್ತಕಗಳನ್ನೆಲ್ಲ ತಿದ್ದಿ ಅಚ್ಚಿಗೆ ಕಳಿಸಿದ ಮುದುಕಿ.

“ನೀವ್ಯಾಕೆ ಸಾಲಲ್ಲಿಲ್ಲ?”

“ನಾನು ಅವಳ ಲೆಕ್ಕಕ್ಕೇ ಇರ್ಲಿಲ್ಲ ಬಿಡಿ.”

“ಯಾರು ಹೇಳಿದ್ದು? ಏಳನೇ ಪುಸ್ತಕದ ಮೊದಲ ಕರಡಲ್ಲಿ ಸತ್ತಿದ್ದೇ ನೀವು. ಬಸ್ ಡ್ರೈವರು, ತಲೆಗೆ ಸ್ಪ್ಯಾನರ್ ಏಟು. ಮೂರನೇ ಅಧ್ಯಾಯಕ್ಕೆ ಬಂದ್ರೆ ಹೆಣ ಎದ್ದು ಕೂತು ಚಹಾ ಕೇಳ್ತಿದೆ! ಹೀಗಾದ್ರೆ ಕತೆ ಹೇಗಮ್ಮಾ ನಡಿಯುತ್ತೆ ಅಂತ ಬರೆದೆ. ವಾಪಸ್ ಕಾಗದ ಬಂತು: ‘ಮೂರು ಸಲ ಕೊಂದೆ, ಮೂರು ಸಲವೂ ಅಳು ತಡೆಯಲಾಗಲಿಲ್ಲ. ಅವನನ್ನು ಬಿಟ್ಟುಬಿಡಿ, ಯಾರಾದರೂ ಬ್ಯಾಂಕ್ ಮ್ಯಾನೇಜರನ್ನು ಕೊಡುತ್ತೇನೆ.’”

ವಿಲ್ಫ್ರೆಡ್‌ಗೆ ನಗು ಬಂತು. ನಗುತ್ತಲೇ ಅಳುವೂ ಒತ್ತರಿಸಿಕೊಂಡು ಬಂತು. “ಅಯ್ಯೋ ಹುಚ್ಚಿ, ಇದನ್ನ ನಂಗೊಂದು ಮಾತು ಹೇಳಬಾರ್ದಿತ್ತೇನೇ!” ಎಂದ, ಹಸಿ ಮಣ್ಣಿನ ಕಡೆ ತಿರುಗಿ.

ಅಷ್ಟರಲ್ಲಿ ಫೋಟೋದವನು ಎಲ್ಲರಿಗೂ ಅಲುಗಾಡಬೇಡಿ ಎನ್ನುತ್ತಿದ್ದ. ವಿಲ್ಫ್ರೆಡ್ ಕಪ್ಪನ್ನು ಮಿಸ್ ಫೆನ್ವಿಕ್ ಕೈಗಿತ್ತು ಸರಸರ ನಡೆದ. ಪರ್ಸಿಯನ್ನೂ ಏಡ್ನಾಳನ್ನೂ ಮೊಣಕೈಯಿಂದ ಸರಿಸಿ, ಒದ್ದೆ ಕೆನ್ನೆಯಲ್ಲೇ ಎದೆ ಸೆಟೆಸಿ ನಡುವೆ ನಿಂತ.

“ಇದೇನಯ್ಯಾ ನೀನಿಲ್ಲಿ?” ಎಂದ ಪರ್ಸಿ.

“ಸ್ವಲ್ಪ ಜರುಗಯ್ಯ. ಏಳನೇದು ನಾನು.”