ಹವಳಕ್ಕೆ ಹಿಡಿದ ಕಿಲುಬು

ವಾಷರ್ ಮಾವ ಎಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ನಲವತ್ತೊಂದು ವರ್ಷ ಕೊಳಾಯಿ ಕೆಲಸ ಮಾಡಿದವರು. ಯಾರು ಎಲ್ಲಿ ನಿಲ್ಲಿಸಿ ಕೇಳಿದರೂ ಅವರ ಜೇಬಿನಿಂದ ಒಂದು ವಾಷರ್ ಹೊರಗೆ ಬರುತ್ತಿತ್ತು. ಎರಡು ವರ್ಷದ ಹಿಂದೆ ಕೈ ನಡುಗಲು ಶುರುವಾಗಿ ಸ್ಪ್ಯಾನರ್ ಕೆಳಗಿಟ್ಟರು. ಜೇಬು ಮಾತ್ರ ಇನ್ನೂ ಗಲಗಲ ಎನ್ನುತ್ತಿತ್ತು.

ಸೊಸೆಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಮದುವೆಯಾಗಿ ಬಂದಾಗ ಎರಡು ಸೂಟ್‌ಕೇಸಿನ ಜೊತೆ ಮುಚ್ಚಳ ಬಿಗಿದ ಒಂದು ಬಕೆಟ್ಟನ್ನೂ ತಂದಿದ್ದಳು. ಒಳಗೆ ಉಪ್ಪುನೀರು, ನೀರಿನಲ್ಲಿ ಹೆಬ್ಬೆರಳು ಗಾತ್ರದ ಹಸಿರು ಹವಳ. "ಕಲ್ಲಲ್ಲ ಮಾವ, ಇದು ಜೀವ," ಎಂದಿದ್ದಳು. ಒಂಬತ್ತು ವರ್ಷದಲ್ಲಿ ಆ ಜೀವ ಏಳು ತಲೆಯಾಗಿ ಬೆಳೆದು, ನಡುಮನೆಯ ಗಾಜಿನ ತೊಟ್ಟಿಯಲ್ಲಿ ಹಗಲೆಲ್ಲ ತನ್ನ ನೂರಾರು ಬೆರಳು ಚಾಚಿಕೊಂಡು ತೂಗಾಡುತ್ತಿತ್ತು. ಲಾರಿ ಓಡಿಸುವ ಮಗ ವಾರಕ್ಕೊಮ್ಮೆ ಮನೆಗೆ ಬಂದಾಗ, "ಈ ಮನೇಲಿ ನನಗಿಂತ ಹವಳಕ್ಕೇ ಮರ್ಯಾದೆ ಜಾಸ್ತಿ," ಎನ್ನುತ್ತಿದ್ದ. ಅದು ಸುಳ್ಳೇನೂ ಆಗಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಹವಳ ಮುಷ್ಟಿ ಬಿಗಿದಂತೆ ಮುದುಡಿಕೊಂಡಿತ್ತು. ತೊಟ್ಟಿಯ ತಳದಲ್ಲಿ, ಹವಳದ ಜೊತೆಗೆ ಸಾಕಿದ್ದ ಎರಡು ಬಸವನಹುಳು ಅಂಗಾತ ಬಿದ್ದಿದ್ದವು. ಸೊಸೆ ಉಪ್ಪು ಅಳೆದಳು, ಬಿಸಿ ಅಳೆದಳು, ಅವೆರಡೂ ಸರಿಯಾಗಿದ್ದವು.

"ಏನೋ ಸೇರ್ಕೊಂಡಿದೆ ಮಾವ," ಎಂದಳು. "ಯಾರೋ ಏನೋ ಹಾಕಿದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮಾವನ ಕೈ ತಾನಾಗಿ ಜೇಬಿಗೆ ಹೋಯಿತು.

ಹಿಂದಿನ ಗುರುವಾರ ಅವಳು ಕೆಲಸದಲ್ಲಿದ್ದಾಗ, ತೊಟ್ಟಿಯ ಕೆಳಗಿನ ಕಪಾಟಿನಲ್ಲಿ ನೀರನ್ನು ಮೇಲಕ್ಕೆ ಕಳಿಸುವ ಪೈಪಿನ ಜಾಯಿಂಟು ಸೀಳು ಬಿಟ್ಟು ತೊಟ್ಟಿಕ್ಕುತ್ತಿತ್ತು. ಪ್ಲಾಸ್ಟಿಕ್ ಜಾಯಿಂಟು ಅಂಗಡಿಯಲ್ಲಿತ್ತು, ಹಿತ್ತಾಳೆಯದು ತಮ್ಮ ಹಳೇ ಡಬ್ಬದಲ್ಲೇ ಇತ್ತು. ಪ್ಲಾಸ್ಟಿಕ್ಕನ್ನು ಅವರು ಜನ್ಮದಲ್ಲಿ ನಂಬಿದವರಲ್ಲ. ನಡುಗುವ ಕೈಯಲ್ಲಿ ಒಂದು ಗಂಟೆ ಒದ್ದಾಡಿ ಹಿತ್ತಾಳೆಯನ್ನೇ ಕೂರಿಸಿದರು. ಒಂದು ಹನಿ ಸೋರಲಿಲ್ಲ. ಸಂಜೆ ಸೊಸೆ ಕಪಾಟು ತೆರೆದೂ ನೋಡದೆ, "ಮಾವ ಇರೋವಾಗ ನನಗೇನು ಚಿಂತೆ," ಎಂದಳು. ಎರಡು ವರ್ಷದಲ್ಲಿ ಅಷ್ಟು ಹಿತವಾದ ಮಾತನ್ನು ಅವರು ಕೇಳಿರಲಿಲ್ಲ.

ಅವಳು ಲ್ಯಾಬಿಗೆ ಹೋದ ಮೇಲೆ ಮಾವ ಕಪಾಟಿನ ಮುಂದೆ ಮಂಡಿಯೂರಿ ಜಾಯಿಂಟಿನ ಸುತ್ತ ಬೆರಳಾಡಿಸಿದರು. ಬೆರಳು ಹಸಿರಾಯಿತು. ಕಿಲುಬು. ಉಪ್ಪು, ಹುಳಿ ತಗುಲಿದರೆ ಹಿತ್ತಾಳೆ ಕಿಲುಬು ಬಿಡುತ್ತದೆಂದು ಪಾತ್ರೆ ತೊಳೆಯುವವರಿಗೆಲ್ಲ ಗೊತ್ತು. ನಲವತ್ತೊಂದು ವರ್ಷ ಸಿಹಿನೀರಿನಲ್ಲೇ ಬದುಕಿದ ಇವರಿಗೆ ಆ ಒಂದು ಗಂಟೆ ಅದು ಮರೆತೇ ಹೋಗಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಬುದ್ಧಿಯನ್ನಾದರೂ ನೆಟ್ಟಗೆ ಬಳಸಿದರೇ? ಇಲ್ಲ. ಅಂಗಡಿಗೆ ಹೋಗಿ ಪ್ಲಾಸ್ಟಿಕ್ ಜಾಯಿಂಟು ತಂದು ಹಾಕಿ, ಹಿತ್ತಾಳೆಯನ್ನು ಜೇಬಿಗಿಳಿಸಿ, ಏನೂ ಆಗದವರಂತೆ ಪೇಪರ್ ಹಿಡಿದು ಕೂತರು. ಕಾರಣ ಹೋಯಿತಲ್ಲ, ಇನ್ನು ತಾನೇ ಸರಿಹೋಗುತ್ತದೆ ಎಂದುಕೊಂಡರು.

ಮಂಗಳವಾರ ಬೆಳಿಗ್ಗೆ ಹವಳದ ಒಂದು ತಲೆಯ ಮಾಂಸ ಕರಗಿ ಬಿಳೀ ಎಲುಬು ಕಾಣುತ್ತಿತ್ತು.

ಸೊಸೆ ಅಳಲಿಲ್ಲ. ತನ್ನ ಅಂಗೈಗಳನ್ನೇ ನೋಡುತ್ತಾ ಕೂತಿದ್ದಳು. "ನಂದೇ ತಪ್ಪು ಮಾವ. ದಿನಾ ಲ್ಯಾಬಲ್ಲಿ ಕೈಗೆ ಸ್ಯಾನಿಟೈಸರ್ ಹಚ್ಚಿ ಹಚ್ಚಿ, ಅದೇ ಕೈನ ತೊಟ್ಟಿಗೆ ಹಾಕಿದ್ದೀನಿ. ಉಳಿದಿದ್ದನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ. ಜೀವ ಸಾಕೋ ಕೈ ಅಲ್ಲ ಇದು."

ಬಾಯಿ ಮುಚ್ಚಿಕೊಂಡಿದ್ದರೆ ಮಾವನ ಮಾನ ಉಳಿಯುತ್ತಿತ್ತು. ಆದರೆ ನೀರಿನಲ್ಲಿ ಏನು ಸೇರಿದೆಯೆಂದು ತಿಳಿಯದೆ ಇವಳು ಮದ್ದು ಮಾಡುವುದಾದರೂ ಹೇಗೆ? ಜೇಬಿನಿಂದ ಹಿತ್ತಾಳೆ ಜಾಯಿಂಟು ತೆಗೆದು ಮೇಜಿನ ಮೇಲಿಟ್ಟರು.

"ನಿನ್ನ ಕೈ ಅಲ್ಲಮ್ಮ, ನನ್ನ ಕೈ. ಗುರುವಾರ ಹಾಕಿದ್ದು ಇದನ್ನ. ನಿನ್ನೆ ತೆಗೆದೆ. ಹೇಳೋಕೆ ನಾಚಿಕೆ ಆಯ್ತು."

ಅವಳು ಅದನ್ನು ಎತ್ತಿ, ಬೆಳಕಿಗೆ ತಿರುಗಿಸಿ, ಹಸಿರನ್ನು ಉಗುರಿನಿಂದ ಕೆರೆದಳು. "ಹಿತ್ತಾಳೆ ತಾಮ್ರ ಬಿಟ್ಟಿದೆ. ಹವಳಕ್ಕೆ ಅದು ವಿಷ," ಎಂದಳು. ಆಮೇಲೆ ಮಾವನ ಮುಖ ನೋಡದೆ, "ನಿನ್ನೆನೇ ಹೇಳಿದ್ರೆ ಆ ಒಂದು ತಲೆ ಉಳೀತಿತ್ತು," ಎಂದಳು.

ಬೈದಿದ್ದರೆ ಮಾವ ತಡೆದುಕೊಳ್ಳುತ್ತಿದ್ದರು. ಈ ಮಾತು ನೆಟ್ಟಗೆ ಎದೆಗೆ ನಾಟಿತು.

"ಸರಿ, ಏಳಿ," ಎಂದು ಅವಳೇ ಎದ್ದಳು. "ಏನಂತ ಗೊತ್ತಾಯ್ತಲ್ಲ. ಬಕೆಟ್ ತನ್ನಿ."

ಅವಳು ಎರಡು ದಿನ ರಜೆ ಹಾಕಿದಳು. ಶುದ್ಧ ನೀರಿಗೆ ಉಪ್ಪು ಬೆರೆಸಿ, ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿ, ನಾಲ್ಕರಲ್ಲೊಂದು ಪಾಲು ನೀರು ಬದಲಾಯಿಸುವುದು. ಒಂದು ದಿನ ಬಿಟ್ಟು ಮತ್ತೆ ಅಷ್ಟೇ. ಒಂದೇ ಸಲಕ್ಕೆ ಎಲ್ಲ ಚೆಲ್ಲಿಬಿಡೋಣ ಎಂದ ಮಾವನಿಗೆ, "ಮೊದಲೇ ಸೋತಿರೋ ಜೀವ, ಇನ್ನೊಂದು ಪೆಟ್ಟು ತಡೆಯಲ್ಲ," ಎಂದಳು. ದೀಪ ಅರ್ಧಕ್ಕಿಳಿಸಿದಳು. ನೀರು ಹರಿಯುವ ದಾರಿಯಲ್ಲಿ ಇದ್ದಿಲಿನ ಚೀಲವಿಟ್ಟು, ಜೊತೆಗೆ ತಾಮ್ರ ಹೀರಿದರೆ ನೀಲಿಯಾಗುವ ಬಿಳೀ ಸ್ಪಂಜೊಂದನ್ನು ಸಿಕ್ಕಿಸಿದಳು. ಮೊದಲ ಸ್ಪಂಜು ಮರುದಿನವೇ ನೀಲಿಯಾಯಿತು. ಅದನ್ನು ನೋಡಿ ಮಾವ ಆ ದಿನ ಸರಿಯಾಗಿ ಊಟ ಮಾಡಲಿಲ್ಲ.

ಆದರೆ ಬಕೆಟ್ ಬಿಡಲಿಲ್ಲ. ಅವಳು ಕೆಲಸಕ್ಕೆ ಮರಳಿದ ಮೇಲೆ ನೀರು ಕಾಯಿಸುವುದು, ಉಪ್ಪು ಅಳೆಯುವುದು ಅವರ ಪಾಲಿಗೆ ಬಂತು. ತುಂಬಿದ ಬಕೆಟ್ ನಡುಗಿ ಚೆಲ್ಲುತ್ತದೆಂದು ಅರ್ಧರ್ಧವೇ ಹೊತ್ತು ಎರಡರಷ್ಟು ಸಲ ಓಡಾಡಿದರು. ಎರಡನೇ ವಾರ ಇನ್ನೊಂದು ತಲೆ ಸತ್ತಿತು. ವಾರದ ಕೊನೆಗೆ ಬಂದ ಮಗ, "ಸಾಕು ಬಿಡಪ್ಪ, ಹೋದದ್ದು ಹೋಯ್ತು," ಎಂದ.

"ಐದು ತಲೆ ಇದೆಯಲ್ಲೋ. ನೀನು ಐದು ಟೈರ್ ಇದ್ದರೆ ಲಾರಿ ಬಿಟ್ಟು ಬರ್ತೀಯಾ?"

"ಐದು ಟೈರಲ್ಲಿ ಲಾರಿ ಓಡಲ್ಲಪ್ಪ."

"ಹವಳ ಓಡುತ್ತೆ. ಆ ಉಪ್ಪಿನ ಚೀಲ ಇಳಿಸು."

ನಾಲ್ಕನೇ ಸ್ಪಂಜು ಹಾಕಿದ ಹಾಗೇ ಬಿಳಿಯಾಗಿ ಉಳಿಯಿತು. ಅದಾಗಿ ಆರನೇ ದಿನ ಮಧ್ಯಾಹ್ನ ಮಾವ ಒಬ್ಬರೇ ಇದ್ದಾಗ, ನಡುವಿನ ತಲೆಯಿಂದ ಒಂದು ಹಸಿರು ಬೆರಳು ಈಚೆಗೆ ಬಂತು. ಅವರು ಕುರ್ಚಿ ಎಳೆದುಕೊಂಡು ಕೂತು, ಸೊಸೆಗೆ ಫೋನ್ ಮಾಡುವುದನ್ನೂ ಮರೆತು ಅದನ್ನೇ ನೋಡಿದರು. ಸಂಜೆ ಅವಳು ಬರುವ ಹೊತ್ತಿಗೆ ಹನ್ನೊಂದು ಬೆರಳಾಗಿದ್ದವು.

ಅವಳು ಚೀಲ ಹೆಗಲಲ್ಲಿರುವಾಗಲೇ ತೊಟ್ಟಿಯ ಮುಂದೆ ಬಗ್ಗಿ ಒಂದೊಂದೇ ಬೆರಳು ಎಣಿಸಿದಳು. "ಒಳಗಿನ ಪಂಪು ಸ್ವಲ್ಪ ಓರೆಯಾಗಿದೆ. ಸರಿ ಮಾಡಿ ಮಾವ," ಎಂದಳು.

"ನಾನಾ?"

"ನಾನೀಗ ಲ್ಯಾಬಿಂದ ಬಂದೆ. ನನ್ನ ಕೈ ಬೇಡ."

ಮಾವ ಜೇಬಿನಲ್ಲಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದರು. ಮೊಣಕೈವರೆಗೆ ಬರೀ ನೀರಲ್ಲಿ ಮೂರು ಸಲ ತೊಳೆದುಕೊಂಡು ಬಂದು, ನೀರಿನ ಮೇಲೆ ಕೈ ಹಿಡಿದು ನಿಂತರು.

"ನಡುಗುತ್ತಮ್ಮ."

"ನಡುಗಲಿ ಬಿಡಿ," ಎಂದಳು ಸೊಸೆ. "ಹವಳಕ್ಕೆ ಅಲೆ ಅಭ್ಯಾಸ."