ಬಸವಪ್ಪನ ಮುಂದೆ ಶಶಿರೇಖಾಳ ಅಂಗೈ

೧

ಈ ಕತೆಯನ್ನು ಪುಸ್ತಕದಿಂದ ಶುರು ಮಾಡಬೇಕೋ, ಬಸವನಿಂದಲೋ? ಪುಸ್ತಕದಿಂದ ಅಂದರೆ, ಅದರಲ್ಲಿರುವುದು ನಿಜ ಅನ್ನುವುದಕ್ಕೆ ಬಸವನೇ ಸಾಕ್ಷಿ. ಅವನನ್ನು ಮೊದಲು ಕರೆತರಬೇಕು. ಬಸವನಿಂದ ಅಂದರೆ, ಅವನು ಬರೀ ಎತ್ತಲ್ಲ, ದೇವರು ಅನ್ನುವುದಕ್ಕೆ ಪುಸ್ತಕವೇ ಸಾಕ್ಷಿ. ಅದನ್ನು ಮೊದಲು ಬಿಚ್ಚಬೇಕು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆ ಬಿಟ್ಟು ಒಂದಿಷ್ಟು ಒಳಕ್ಕಿರುವ ಈ ಊರಿನಲ್ಲಿ ಇವೆರಡೂ ಒಂದರ ಬಾಲ ಒಂದು ಹಿಡಿದುಕೊಂಡು ತಲೆಮಾರುಗಳಿಂದ ಸುತ್ತುತ್ತಿವೆ. ಕತೆ ಬರೆಯುವವರಿಗೆ ನುಗ್ಗಲು ಸಂದಿಯೇ ಇಲ್ಲ.

(ಸರಿ, ಗುಡಿಯ ಬೀಗದ ಕೈಯಿಂದ ನುಗ್ಗೋಣ. ಒಪ್ಪಿಗೆಯೇ, ಓದುಗರೇ? ಒಪ್ಪದಿದ್ದರೂ ಮುಂದಿನ ಸಾಲು ಆಗಲೇ ಬಂದಾಯಿತು.)

೧, ಇನ್ನೊಮ್ಮೆ

ಪೂಜಾರಿ ಅಂಕಯ್ಯನ ತಿಥಿ ಮುಗಿದ ಮಾರನೆಯ ಬೆಳಿಗ್ಗೆ ಊರ ಕಿರಿಯರೆಲ್ಲ ದೊಡ್ಡಪ್ಪ ಅನ್ನುವ ಯಜಮಾನ ಚಿಕ್ಕಬೋರಯ್ಯ ಬಂದು, ಸತ್ತವನ ಒಬ್ಬಳೇ ಮಗಳು ಶಶಿರೇಖಾಳ ಮುಂದೆ ಕೈ ಚಾಚಿದ. ಬೀಗದ ಕೈ ಕೊಡು ಅಂದು, ಈಸಿಕೊಂಡು ಜೇಬಿಗಿಳಿಸಿದ. ಎರಡು ವರ್ಷದ ಹಿಂದೆ ಅಪ್ಪನ ಕಾಲು ಊದಿಕೊಂಡು ಮಂಚ ಹಿಡಿದಾಗಿನಿಂದ ಗುಡಿಯ ಬಾಗಿಲು ತೆಗೆದವಳು ಅವಳು. ಕೆಲಸಕ್ಕೆ ಕರೆದೊಯ್ಯುವ ಗಾರ್ಮೆಂಟ್ಸ್ ಬಸ್ಸು ಬರುವಷ್ಟರಲ್ಲಿ ದೇವರ ಮೈ ತೊಳೆದು, ಹೂ ಏರಿಸಿ, ಹೊರಗೆ ಕೊಟ್ಟಿಗೆಯಲ್ಲಿದ್ದ ಬಸವಪ್ಪನ ಹಣೆಗೆ ವಿಭೂತಿ ಬಳಿದು ಓಡುತ್ತಿದ್ದಳು. ಆಗ ಯಾರೂ ಕೇಳಲಿಲ್ಲ. "ಅಪ್ಪನ ಹೆಸರಲ್ಲಿ ಮಾಡ್ತಾವ್ಳೆ" ಅಂದುಕೊಂಡರು. ಈಗ ಅಪ್ಪ ಇಲ್ಲ. ತನ್ನ ಹೆಸರಲ್ಲಿ ಮಾಡುತ್ತೇನೆ ಅಂದಳು ನೋಡಿ, ಊರಿನ ನಿದ್ದೆ ಹಾರಿತು.

ಅಲ್ಲಿನ ಪದ್ಧತಿ ಹೀಗೆ: ಪೂಜಾರಿ ಸತ್ತರೆ ಆ ಮನೆತನದ ಗಂಡಸರು ಗುಡಿಯ ಮುಂದೆ ಸಾಲಾಗಿ ನಿಲ್ಲುತ್ತಾರೆ. ದೇವರಿಗೆ ಬಿಟ್ಟ ಬಸವ ಸಾಲಿನುದ್ದಕ್ಕೂ ನಡೆದು, ಯಾರ ಟವಲನ್ನು ಕಚ್ಚಿ ಎಳೆಯುತ್ತಾನೋ ಅವನೇ ಮುಂದಿನ ಪೂಜಾರಿ. ಈ ಸಲ ಆ ಮನೆತನದಲ್ಲಿ ಉಳಿದಿದ್ದ ಗಂಡಸು ಒಬ್ಬನೇ, ಶಶಿರೇಖಾಳ ಚಿಕ್ಕಪ್ಪನ ಮಗ ಪುಟ್ಟರಾಜು. ಒಬ್ಬನೇ ನಿಂತರೂ ಸಾಲು ಸಾಲೇ ತಾನೆ!

೨

ಗುಡಿಯ ಜಗಲಿಯ ಮೇಲೆ ಪಂಚಾಯ್ತಿ.

"ಎಂಗ್ಸು ಸಾಲಲ್ಲಿ ನಿಲ್ಲಂಗಿಲ್ಲ ಕಣವ್ವ," ಅಂದ ಚಿಕ್ಕಬೋರಯ್ಯ.

"ಯಾಕೆ ದೊಡ್ಡಪ್ಪ?"

"ಮಹಾತ್ಮೆಲಿ ಬರ್ದದೆ." ಅರಿಸಿನ ಮೆತ್ತಿದ ಪುಸ್ತಕವನ್ನು ಎತ್ತಿ ಹಿಡಿದ. ಊರ ದೇವರ ಮಹಾತ್ಮೆ. ಅವನ ತಾತನ ಕಾಲದಲ್ಲಿ ಮಂಡ್ಯದಲ್ಲಿ ಅಚ್ಚು ಹಾಕಿಸಿದ್ದು.

"ಮಹಾತ್ಮೆ ನಿಜ ಅಂತ ಯಾರಂದೋರು?"

"ಬಸವಪ್ಪ ಅಂಗೈ ಮೇಲೆ ಪಾದ ಕೊಟ್ಟು ಒಪ್ಕಂಡದೆ."

"ಬಸವಪ್ಪ ಒಪ್ಪಿದ್ದು ಸುಳ್ಳಾಗಲ್ವಾ?"

"ಥೂ, ಬುಡ್ತು ಅನ್ನು! ಬಸವಪ್ಪನ ಮಾತು ಸುಳ್ಳಾಗಕಿಲ್ಲ ಅಂತ ಮಹಾತ್ಮೆಲೇ ಬರ್ದದಲ್ಲವ್ವ!"

ಕಂಬಕ್ಕೊರಗಿ ಎಲೆಯಡಿಕೆ ಕುಟ್ಟುತ್ತಿದ್ದ ಮುದುಕಿ ಚಿಕ್ಕನಂಜಮ್ಮ ಕುಟ್ಟುವುದನ್ನು ನಿಲ್ಲಿಸಿದಳು. "ಲೇ ಬೋರಯ್ಯ, ಗಾಣದೆತ್ತು ಸುತ್ತುದ್ರೆ ಕಬ್ಬಿನಾಲಾದ್ರೂ ಬತ್ತದೆ. ನೀನು ಇಷ್ಟೊತ್ತು ಸುತ್ತುದ್ಯಲ್ಲ, ಒಂದು ತೊಟ್ಟಾದ್ರೂ ಬಂತೇನ್ಲಾ?"

"ನೀ ಸುಮ್ಕಿರಕ್ಕ. ಇಷ್ಟು ವರ್ಸದಲ್ಲಿ ಬಸವಪ್ಪ ಒಬ್ಳಾದ್ರೂ ಎಂಗ್ಸ ಸೆರಗ ಎಳ್ದದಾ?"

"ಒಬ್ಳಾದ್ರೂ ನಿಂತಿದ್ಲಾ, ದೊಡ್ಡಪ್ಪ?" ಅಂದಳು ಶಶಿರೇಖಾ.

"ಎಳ್ದಿದ್ರೆ ತಾನೆ ನಿಲ್ಲುಸ್ತಿದ್ದುದು!"

ಎರಡನೆಯ ಸುತ್ತು ಶುರುವಾಯಿತು.

೩ (ಕೈಬಿಟ್ಟ ಕರಡು)

ಇಲ್ಲಿ ಶಶಿರೇಖಾಳ ಕೈಯಿಂದ ಒಂದು ಭಾಷಣ ಮಾಡಿಸಿದ್ದೆ. ಎರಡು ಪುಟ. ಮಂಡ್ಯದ ನಮ್ಮ ಓದಿನ ಬಳಗದಲ್ಲಿ ಓದಿದ್ದರೆ ಚಪ್ಪಾಳೆ ಗ್ಯಾರಂಟಿ. "ಇದು ದೇವರಲ್ಲ, ಇದು ಎತ್ತು!" ಎಂದು ಅವಳು ಗುಡುಗಬೇಕಿತ್ತು. ಬದಲಿಗೆ ನನ್ನ ಕಡೆ ತಿರುಗಿದಳು.

"ಸಾರ್, ಇದ್ನ ನಾನು ಯೋಳಲ್ಲ."

"ಯಾಕಮ್ಮ? ನಿನ್ನ ಪರವಾಗಿಯೇ ಬರೆದಿದ್ದೀನಿ."

"ನಾನು ಬಸವಪ್ಪನ್ನ ನಂಬ್ತೀನಿ. ನಂಬ್ದೆ ಇದ್ರೆ ಪೂಜೆ ಯಾಕ್ ಕೇಳ್ಲಿ? ಪೂಜೆ ಬೇಡ ಅನ್ನೋರ್ಗೆ ಬೀಗದ ಕೈ ಯಾಕೆ?"

"ಆದರೆ ನೀನು ಪ್ರತಿಭಟನೆಯ ನಾಯಕಿ. ವಿಚಾರವಾದಿ ಆಗಿರಲೇಬೇಕಲ್ಲ?"

"ಅಂಗಂತ ಯಾರಂದೋರು?"

"ನಾವು ಓದಿದ ಪುಸ್ತಕಗಳಲ್ಲಿ..."

"ಆ ಪುಸ್ತಕ ಸರಿ ಅಂತ ಯಾರಂದೋರು?"

"ನಮ್ಮ ಬಳಗ."

"ನಿಮ್ಮ ಬಳಗ ಸರಿ ಅಂತ?"

(ನಾನು ಹೇಳಲು ಹೊರಟಿದ್ದು, ಅಂಥ ಪುಸ್ತಕಗಳನ್ನು ಓದುತ್ತೇವಲ್ಲ, ಅದಕ್ಕೇ, ಎಂದು. ಚಿಕ್ಕನಂಜಮ್ಮ ಆಗಲೇ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು.)

ಎರಡು ಪುಟ ಹರಿದೆ. ಸಿಟ್ಟು ಮಾತ್ರ ಹಾಗೇ ಇದೆ, ಅದನ್ನು ಹರಿಯಲು ಬರುವುದಿಲ್ಲ. ಎರಡು ವರ್ಷ ಅವಳ ಕೈಯಿಂದ ತೀರ್ಥ ಕುಡಿದ ಊರು ಇವತ್ತು ಅದೇ ಕೈ ಬೇಡ ಅನ್ನುತ್ತದಲ್ಲ, ಇದಕ್ಕೆ ಯಾವ ಬಳಗದ ಯಾವ ಪುಸ್ತಕವೂ ಬೇಕಿಲ್ಲ.

೪

ಚಿಕ್ಕಬೋರಯ್ಯ ಎಡವಿದ್ದು ಇಲ್ಲಿ. ಗೆಲ್ಲುವ ಆತುರದಲ್ಲಿ ತೊಡೆ ತಟ್ಟಿಕೊಂಡು, "ನಮ್ಮ ನಮ್ಮಲ್ಲೇ ಯಾಕೆ ಮಾತು? ಎಂಗ್ಸು ಸಾಲಲ್ಲಿ ನಿಲ್ಬೋದಾ ಇಲ್ವಾ, ಬಸವಪ್ಪನ್ನೇ ಕೇಳ್ಬುಡನ!" ಅಂದ. ಊರು ಹೋ ಅಂದಿತು. ಪುಟ್ಟರಾಜು ಬಸವಪ್ಪನನ್ನು ಕೊಟ್ಟಿಗೆಯಿಂದ ಹೊರಡಿಸಿಕೊಂಡು ಬಂದ. ಕೊರಳ ಗೆಜ್ಜೆ ಘಲ್ಲೆಂದಿತು. ಬೆನ್ನ ಮೇಲಿನ ಕೆಂಪು ಶಾಲು ಒಂದು ಕಡೆ ಜಾರಿತ್ತು. ಸರಿ ಮಾಡಲು ಶಶಿರೇಖಾಳ ಕೈ ತಾನಾಗಿಯೇ ಮುಂದೆ ಹೋಯಿತು. ಅರ್ಧಕ್ಕೆ ಹಿಂದೆ ತೆಗೆದುಕೊಂಡಳು.

"ಸರಿ, ಅಂಗೈ ಆಸೋರು ಯಾರು?" ಎಂದು ಕೇಳಿದಳು ಚಿಕ್ಕನಂಜಮ್ಮ.

ಬಸವಪ್ಪನನ್ನು ಕೇಳುವುದೆಂದರೆ ನೆಲದ ಮೇಲೆ ಅಂಗೈ ಹಾಸಿ ಕೂರಬೇಕು. ಅವನು ಬಲಗಾಲು ಎತ್ತಿ ಅದರ ಮೇಲೆ ಮೆಲ್ಲಗೆ ಇಟ್ಟರೆ ಹೂಂ ಎಂದರ್ಥ. ಪ್ರಶ್ನೆ ಯಾರದೋ ಅಂಗೈ ಅವರದ್ದೇ ಆಗಬೇಕು.

"ನಾನೇ ಆಸ್ತೀನಿ," ಅಂದ ಚಿಕ್ಕಬೋರಯ್ಯ.

"ನೀನು ಆಸುದ್ರೆ ಉತ್ರ ನಿಂಗೇ ಕಣ್ಲಾ. ನೀನೇನು ಎಂಗ್ಸಾ?"

ನಗು ಗುಡಿಯ ಗಂಟೆಗೆ ತಾಕುವಂತೆ ಎದ್ದಿತು.

"ಅಂಗಾರೆ ಅವ್ಳೇ ಬಸವಪ್ಪನ ಮುಂದೆ ಬರ್ಬೇಕು," ಎಂದು ಪುಟ್ಟರಾಜು ಪೆಚ್ಚಾಗಿ ಅಂದ. "ಬರಬವ್ದಾ ಅಂತ ಕೇಳಾಕೇ ಬಂದಂಗಾಯ್ತಲ್ಲ, ದೊಡ್ಡಪ್ಪ!"

ಕರೆದಿದ್ದಾಗಿದೆ, ಬಸವಪ್ಪ ಬಂದು ನಿಂತಿದ್ದಾನೆ. ಕೇಳದೆ ಹಿಂದಕ್ಕೆ ಕಳಿಸುವುದು ಅಪಚಾರ. ಅದೂ ಮಹಾತ್ಮೆಯಲ್ಲೇ ಇದೆ.

ಶಶಿರೇಖಾ ಸೆರಗು ಸಿಕ್ಕಿಸಿಕೊಂಡು ಬಂದು ಮಂಡಿಯೂರಿ, ಬಲಗೈ ಅಂಗಾತ ಹಾಸಿದಳು. ನೆಲ ತಣ್ಣಗಿತ್ತು. ಬಸವಪ್ಪನ ಉಸಿರು ನೆತ್ತಿಗೆ ಬಿಸಿಯಾಗಿ ಬಡಿಯುತ್ತಿತ್ತು.

ಅಂತ್ಯ, ಮೊದಲನೆಯದು

ಪಾದ ಕೊಟ್ಟ. ಚಿಕ್ಕಬೋರಯ್ಯ, "ಅದು ಪಾದ ಅಲ್ಲ, ನೊಣ ಓಡ್ಸುದ್ದು! ಎತ್ತು ಅಂದ್ಮೇಲೆ ಕಾಲು ಎತ್ತದೇ ಇರ್ತದಾ?" ಅಂದ. ಊರು ಅವನನ್ನು ದಿಟ್ಟಿಸಿತು. ಬಸವಪ್ಪನನ್ನು ಎತ್ತು ಅಂದ ಮೊದಲ ವಿಚಾರವಾದಿ ಆ ಊರಿಗೆ ಅವನೇ. (ಚೆನ್ನಾಗಿದೆ. ಆದರೆ ಬೀಗದ ಕೈ ಇನ್ನೂ ಅವನ ಜೇಬಿನಲ್ಲೇ ಇದೆ.)

ಅಂತ್ಯ, ಎರಡನೆಯದು

ಪಾದ ಕೊಡಲಿಲ್ಲ. "ಆಯ್ತಲ್ಲವ್ವ," ಅಂದ ಯಜಮಾನ. "ನಾಳೆ ಮತ್ತೆ ಕೇಳ್ತೀನಿ ದೊಡ್ಡಪ್ಪ. ಬೋರ್‌ವೆಲ್ ಜಾಗ ಕೇಳ್ದಾಗ ಬಸವಪ್ಪ ಹೂಂ ಅನ್ನೋಗಂಟ ನೀನೂ ದಿನಾ ಬಂದು ಕೂತ್ಕತಿರ್ಲಿಲ್ವಾ?"

ಅಂತ್ಯ, ನನಗೆ ಬಲು ಇಷ್ಟವಾದದ್ದು

ಊರ ಹೆಂಗಸರೆಲ್ಲ ನುಗ್ಗಿ ಬೀಗ ಒಡೆಯುತ್ತಾರೆ. ಘೋಷಣೆ, ಧೂಳು, ಚೂರಾದ ಹಳೇ ಬೀಗ! ಶಶಿರೇಖಾ ತಲೆ ಎತ್ತದೆಯೇ ಅಂದಳು: "ನೀವು ವಾಪಸ್ ಬಸ್ ಅತ್ತುದ್ಮೇಲೆ ವಸಾ ಬೀಗ ತರೋರೂ ಈ ಎಂಗುಸ್ರೇ ಸಾರ್."

ಅಂತ್ಯ ಅನ್ನಲಾಗದ್ದು

ಈಗ ನಿಜವಾಗಿ ಬಸವಪ್ಪನ ಬಲಗಾಲು ನೆಲ ಬಿಟ್ಟಿದೆ. ಗೊರಸಿನಿಂದ ಒಂದಿಷ್ಟು ಮಣ್ಣು ಉದುರಿತು. ಚಿಕ್ಕಬೋರಯ್ಯ ಈ ಹಾಳೆಯ ಮೇಲೆ ಬಗ್ಗಿ, "ಅತ್ಲಾಗಿ ಇಕ್ಕುಸ್ಬುಡಿ ಸಾಮಿ, ನಿಮ್ಮ ಕೈಲೇ ಅದೆ," ಎಂದು ಪಿಸುಗುಡುತ್ತಿದ್ದಾನೆ. ಚಿಕ್ಕನಂಜಮ್ಮ, "ಇತ್ಲಾಗೇ ಇಕ್ಕುಸಪ್ಪ, ನಿನ್ನೆಂಡ್ರು ಮಕ್ಳು ತಣ್ಣಗಿರ್ಲಿ," ಅನ್ನುತ್ತಿದ್ದಾಳೆ. ನನ್ನ ಪೆನ್ನು ಯಾವ ಕಡೆಯದೆಂದು ನಿಮಗೆ ಗೊತ್ತು. ಇನ್ನೊಂದೇ ಸಾಲು, ಅವಳನ್ನು ಗೆಲ್ಲಿಸಿಬಿಡುತ್ತೇನೆ.

"ಸಾರ್, ಬರೀಬ್ಯಾಡಿ."

"ಯಾಕಮ್ಮ? ಗೆಲ್ಲುತ್ತೀಯ!"

"ನಾಳೆ ಯಾರಾದ್ರೂ ಇವ್ಳು ಎಂಗೆ ಪೂಜಾರಿ ಅಂತ ಕೇಳುದ್ರೆ, ನಮ್ಮೋರು ನಿಮ್ಮ ಕತೆ ತೋರುಸ್ತಾರೆ. ಬರ್ದದೆ, ಅದುಕ್ಕೇ ನಿಜ ಅಂತಾರೆ. ಇನ್ನೊಂದು ಮಹಾತ್ಮೆ ಆಯ್ತದೆ ಅಷ್ಟೆ. ಅದುಕ್ಕೂ ಅರಿಸ್ನ ಬಳೀತಾರೆ." ಅವಳ ಕಣ್ಣು ಗೊರಸನ್ನು ಬಿಟ್ಟು ಅಲುಗಲಿಲ್ಲ. "ನಾನು ಕೇಳ್ದೋಳು ಬಸವಪ್ಪನ್ನ. ನಿಮ್ಮನ್ನಲ್ಲ. ಎದ್ದು ಜಗುಲಿ ಮೇಲೆ ಕೂತ್ಕಳಿ, ಎಲ್ಲಾರ್ ಜೊತೆ."

ಎದ್ದು ಬಂದು ಕೂತಿದ್ದೇನೆ. ಇಲ್ಲಿಂದ ಕಾಣುವುದು ಕೆಂಪು ಶಾಲಿನ ಅಂಚು, ಅವಳ ಬೆನ್ನು, ಮಡಚಿಕೊಂಡ ಒಂದು ಮುಂಗಾಲು. ಅಂಗೈ ಕಾಣುವುದಿಲ್ಲ. ಓದುಗರೇ, ಸ್ವಲ್ಪ ಆ ಕಡೆ ಸರಿಯಿರಿ, ಚಿಕ್ಕನಂಜಮ್ಮನಿಗೂ ಕಾಣುತ್ತಿಲ್ಲವಂತೆ.